ಲಂಡನ್ನಿನಲ್ಲಿ ಇ-ಸ್ಕೂಟರ್, ಒಂಟಿಚಕ್ರದ ಗಾಡಿ: ಶಿವಮೊಗ್ಗ ಕಡೆಯಿಂದ ಹೊರಡುವವರಿಗೆ

ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ‘ಎಲೆಕ್ಟ್ರಿಕ್ ಸ್ಕೂಟರ್’ ಅಂದರೆ ಸೀಟಿರುವ, ಹಿಂದೊಬ್ಬರನ್ನು ಕೂರಿಸಿಕೊಳ್ಳಬಹುದಾದ ಗಾಡಿ. ಲಂಡನ್ನಿನಲ್ಲಿ ‘ಇ-ಸ್ಕೂಟರ್’ ಅಂದರೆ ಎರಡು ಪುಟ್ಟ ಚಕ್ರಗಳ ಹಲಗೆಯ ಮೇಲೆ ನಿಂತು, ಹ್ಯಾಂಡಲ್ ಹಿಡಿದು ಹೋಗುವಂಥದ್ದು. ನಮ್ಮ ಊರಿನ ಬಗೆಯದ್ದಕ್ಕೆ ಅಲ್ಲಿ ಮೊಪೆಡ್ ಅನ್ನುತ್ತಾರೆ. ಇನ್ನು ಎಲೆಕ್ಟ್ರಿಕ್ ಯುನಿಸೈಕಲ್. ಅದಕ್ಕೆ ಹ್ಯಾಂಡಲ್ಲೂ ಇಲ್ಲ. ಒಂದೇ ದಪ್ಪ ಚಕ್ರದ ಎರಡು ಬದಿ ಕಾಲಿಟ್ಟು ನಿಂತು, ಮೈ ಮುಂದಕ್ಕೆ ಬಾಗಿಸಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಈ ಬರಹದಲ್ಲಿ ಸ್ಕೂಟರ್ ಅಂದಲ್ಲೆಲ್ಲ ನಿಂತು ಓಡಿಸುವುದೆಂದೇ ತಿಳಿಯಿರಿ.

ನಮ್ಮ ದೇಶದಲ್ಲಿ 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ಮೀರದ ಬ್ಯಾಟರಿ ಗಾಡಿಗೆ ನೋಂದಣಿಯೂ ಬೇಡ, ಡಿಎಲ್ಲೂ ಬೇಡ. ಹೊಸಬರು ಎಡವುವುದು ಇಲ್ಲೇ. ಚಿಕ್ಕದು, ನಿಧಾನದ್ದು, ಹಾಗಾಗಿ ನಡೆಯುತ್ತದೆ ಎಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಮಾನ ಹತ್ತುತ್ತಾರೆ. ಬ್ರಿಟನ್ನಿನಲ್ಲಿ ಸ್ಕೂಟರಿಗೂ ಒಂಟಿಚಕ್ರಕ್ಕೂ ಅಂಥ ರಿಯಾಯಿತಿ ಇಲ್ಲ. 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಇವೆರಡೂ ಕಾರಿನಂತೆಯೇ ಮೋಟಾರು ವಾಹನ. ಮೋಟಾರು ವಾಹನಕ್ಕೆ ನೋಂದಣಿ, ವಿಮೆ, ಲೈಸೆನ್ಸ್, ತೆರಿಗೆ, ತಯಾರಿಕೆಯ ಅನುಮೋದನೆ ಎಲ್ಲವೂ ಬೇಕು. ಅಂಗಡಿಯಲ್ಲಿ ಸಿಗುವ ಸ್ಕೂಟರಿಗೆ ಇವುಗಳನ್ನು ಮಾಡಿಸುವ ದಾರಿಯೇ ಇಲ್ಲ. ಹಾಗಾಗಿ ಸ್ವಂತ ಸ್ಕೂಟರನ್ನಾಗಲಿ ಒಂಟಿಚಕ್ರವನ್ನಾಗಲಿ ರಸ್ತೆಯಲ್ಲಿ, ಸೈಕಲ್ ಪಥದಲ್ಲಿ, ಪಾರ್ಕಿನಲ್ಲಿ ಓಡಿಸುವುದು ಅಪರಾಧ. ಫುಟ್‌ಪಾತ್ ಮೇಲೆ ಗಾಡಿ ಓಡಿಸುವುದನ್ನು 1835ರ ಹೆದ್ದಾರಿ ಕಾಯ್ದೆಯೇ ತಡೆಯುತ್ತದೆ. ಮೋಟಾರು ಕಾರು ಹುಟ್ಟುವ ಮೊದಲಿನ ಆ ಕಾನೂನು ಇವತ್ತಿಗೂ ಜೀವಂತ.

ಓಡಿಸಬಹುದಾದದ್ದು ಖಾಸಗಿ ಜಾಗದಲ್ಲಿ ಮಾತ್ರ, ಅದೂ ಮಾಲೀಕರ ಅನುಮತಿ ಪಡೆದು. ಖಾಸಗಿ ಅಂದರೆ ಬೇಲಿ ಹಾಕಿದ, ಹೊರಗಿನವರು ಬಂದು ಹೋಗದ ಜಾಗ. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗ, ಕಾಲೇಜಿನ ಒಳರಸ್ತೆ, ಅಪಾರ್ಟ್‌ಮೆಂಟಿನ ಮುಂದಿನ ದಾರಿಗಳನ್ನು ಖಾಸಗಿ ಎಂದು ನಂಬಿ ಇಳಿಯಬೇಡಿ. ಸಾರ್ವಜನಿಕರು ಓಡಾಡುವ ಜಾಗವಾದರೆ, ಜಮೀನು ಯಾರದ್ದಾಗಿದ್ದರೂ, ರಸ್ತೆ ಸಂಚಾರ ಕಾಯ್ದೆ ಅಲ್ಲಿಗೂ ಬರುತ್ತದೆ. ಅಂಗಡಿಯವರು ರಾಜಾರೋಷವಾಗಿ ಮಾರುತ್ತಾರಲ್ಲ ಎಂದು ಹೊಸಬರು ಕೇಳುತ್ತಾರೆ. ಮಾರುವುದು ತಪ್ಪಲ್ಲ, ಕೊಳ್ಳುವುದೂ ತಪ್ಪಲ್ಲ, ರಸ್ತೆಗಿಳಿಸುವುದು ತಪ್ಪು. ದುಡ್ಡು ಕೊಟ್ಟ ಮೇಲೆ ತಿಳಿದು ಪ್ರಯೋಜನವಿಲ್ಲ.

ಹಾಗಾದರೆ ಬೀದಿಯಲ್ಲಿ ಕಾಣುವ ಸ್ಕೂಟರುಗಳು? ಕಾನೂನಿನ ಪ್ರಕಾರ ಓಡುವವು ಬಾಡಿಗೆಯವು. 2020ರ ಜುಲೈಯಲ್ಲಿ ಸರ್ಕಾರ ಪ್ರಯೋಗವಾಗಿ ಬಾಡಿಗೆ ಸ್ಕೂಟರಿಗೆ ದಾರಿ ಮಾಡಿಕೊಟ್ಟಿತು. ಲಂಡನ್ನಿನಲ್ಲಿ ಅದು ಶುರುವಾದದ್ದು 2021ರ ಜೂನ್ 7ಕ್ಕೆ. ಇಡೀ ಲಂಡನ್ ಅಲ್ಲ, ಪ್ರಯೋಗಕ್ಕೆ ಸೇರಿದ ಕೆಲವು ಬರೋಗಳಲ್ಲಿ ಮಾತ್ರ. (ಬರೋ ಅಂದರೆ ನಮ್ಮ ವಾರ್ಡಿಗಿಂತ ಬಹಳ ದೊಡ್ಡದು, ತನ್ನದೇ ಕೌನ್ಸಿಲ್ ಇರುವ ಆಡಳಿತದ ತುಂಡು.) ವೇಗದ ಮಿತಿ ಗಂಟೆಗೆ 12.5 ಮೈಲಿ, ಅಂದರೆ ಸುಮಾರು 20 ಕಿ.ಮೀ. ಗಡಿ ದಾಟಿದರೆ ಅಥವಾ ನಿಷೇಧಿತ ಪ್ರದೇಶಕ್ಕೆ ನುಗ್ಗಿದರೆ ಜಿಪಿಎಸ್ ನೋಡಿಕೊಂಡು ಗಾಡಿ ತಾನಾಗಿಯೇ ನಿಧಾನವಾಗಿ ನಿಲ್ಲುತ್ತದೆ. ಅದು ಕೆಟ್ಟಿತು ಎಂದು ಗಾಬರಿಯಾಗಿ ನಡುರಸ್ತೆಯಲ್ಲೇ ಇಳಿದು ನಿಲ್ಲಬೇಡಿ. ಹೊರಡುವ ಮೊದಲೇ ಬಾಡಿಗೆ ಕಂಪನಿಯ ಆ್ಯಪ್‌ನಲ್ಲಿ ನೀವು ತಲುಪಬೇಕಾದ ಜಾಗ ಗಡಿಯೊಳಗಿದೆಯೇ, ಹತ್ತಿರದಲ್ಲಿ ನಿಲ್ಲಿಸುವ ಗುರುತಿನ ಜಾಗ ಇದೆಯೇ ನೋಡಿ. ಗುರುತಿನ ಜಾಗದ ಹೊರಗೆ ಬಿಟ್ಟರೆ ಬಾಡಿಗೆ ಮುಗಿಯುವುದಿಲ್ಲ, ಇಲ್ಲವೇ ದಂಡ ಬೀಳುತ್ತದೆ. ಒಂದು ಗಾಡಿಗೆ ಒಬ್ಬರೇ. ಸ್ನೇಹಿತರ ಖಾತೆಯಲ್ಲಿ ತೆರೆದು ನೀವು ಓಡಿಸಿದರೆ ಕಂಪನಿಯ ವಿಮೆ ನಿಮಗೆ ಅನ್ವಯಿಸುವುದಿಲ್ಲ. ಆಗ ವಿಮೆಯಿಲ್ಲದೆ ಮೋಟಾರು ವಾಹನ ಓಡಿಸಿದ ಹಾಗೆ.

ಬಾಡಿಗೆ ಸ್ಕೂಟರಿಗೂ ಲೈಸೆನ್ಸ್ ಬೇಕು. ಲಂಡನ್ನಿನಲ್ಲಿ 18 ತುಂಬಿರಬೇಕು. ನಿಮ್ಮ ಕೈಯಲ್ಲಿ ಕಾರಿಗೋ ಬೈಕಿಗೋ ಪಡೆದ ಪೂರ್ಣ ಭಾರತೀಯ ಡಿಎಲ್ ಇದ್ದರೆ, ಅಲ್ಲಿಗೆ ಹೋದ ಮೊದಲ 12 ತಿಂಗಳು ಅದೇ ಸಾಕು. ಎಲ್‌ಎಲ್‌ಆರ್ ಲೆಕ್ಕಕ್ಕಿಲ್ಲ. ಇದಕ್ಕಾಗಿಯೇ ಹೇಳುವುದು: ವೀಸಾ ಕೆಲಸ ಶುರುವಾದ ದಿನವೇ ಆರ್‌ಟಿಒ ಕೆಲಸವನ್ನೂ ಶುರು ಮಾಡಿ. ಎಲ್‌ಎಲ್‌ಆರ್ ಆಗಿ 30 ದಿನ ಕಳೆಯದೆ ಡ್ರೈವಿಂಗ್ ಟೆಸ್ಟ್ ಕೊಡಲಾಗುವುದಿಲ್ಲ. ಎಲ್‌ಎಲ್‌ಆರ್ ಆಯುಸ್ಸು 6 ತಿಂಗಳು. ಟೆಸ್ಟಿನ ದಿನ ಸಿಗುವುದು, ಕಾರ್ಡ್ ಮನೆಗೆ ಬರುವುದು ಎಲ್ಲ ಸೇರಿಸಿ ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಆರ್‌ಟಿಒಗೆ ಓಡಾಡುವವರು ಇನ್ನೂ ಸ್ವಲ್ಪ ಮುಂಚೆಯೇ ಹಿಡಿಯಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರು, ಡಿಎಲ್‌ನಲ್ಲಿರುವ ಹೆಸರು ಒಂದೇ ಇರಲಿ. ನಮ್ಮ ಇನಿಷಿಯಲ್ ಪದ್ಧತಿಯಿಂದ ಒಂದರಲ್ಲಿ ಊರಿನ ಹೆಸರು ಬಿಡಿಸಿ ಬರೆದು ಇನ್ನೊಂದರಲ್ಲಿ ಬರೀ ಅಕ್ಷರ ಉಳಿದರೆ ಆ್ಯಪ್‌ನ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ.

12 ತಿಂಗಳು ಕಳೆದ ಮೇಲೆ ಭಾರತದ ಡಿಎಲ್ ಕೊಟ್ಟು ಬ್ರಿಟಿಷ್ ಲೈಸೆನ್ಸ್ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಅದಲು ಬದಲು ಮಾಡಿಕೊಳ್ಳುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಪ್ರೊವಿಷನಲ್ ಲೈಸೆನ್ಸಿಗೆ (ಅಲ್ಲಿ ಕಲಿಯುವವರಿಗೆ ಕೊಡುವ ಲೈಸೆನ್ಸ್) ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಬಾಡಿಗೆ ಸ್ಕೂಟರಿಗೆ ಆ ಪ್ರೊವಿಷನಲ್ ಸಾಕು. ಸೀಟಿರುವ ಮೊಪೆಡ್ ಬೇಕೆಂದರೆ ಅದರ ಜೊತೆ ಸಿಬಿಟಿ ಎಂಬ ತರಬೇತಿ ಮುಗಿಸಿ, ವಿಮೆ ಮಾಡಿಸಿ, ಎಲ್ ಬೋರ್ಡ್ ಹಾಕಿಕೊಳ್ಳಬೇಕು. ಸಿಬಿಟಿ ಪ್ರಮಾಣಪತ್ರ ಎರಡು ವರ್ಷ ನಡೆಯುತ್ತದೆ.

ಸ್ವಂತ ಸ್ಕೂಟರಿನಲ್ಲಿ ಸಿಕ್ಕಿಬಿದ್ದರೆ ಏನಾಗುತ್ತದೆ? ವಿಮೆ ಇಲ್ಲದ್ದಕ್ಕೆ ಸ್ಥಳದಲ್ಲೇ ನೀಡುವ ನೋಟಿಸಿನ ದಂಡ 300 ಪೌಂಡ್, ಲೈಸೆನ್ಸಿಗೆ 6 ಪಾಯಿಂಟ್ (ತಪ್ಪಿಗಾಗಿ ದಾಖಲಾಗುವ ಅಂಕ). ಗಾಡಿಯನ್ನೂ ವಶಕ್ಕೆ ತೆಗೆದುಕೊಳ್ಳಬಹುದು. ಬಿಡಿಸಿಕೊಳ್ಳಲು ವಿಮೆಯ ಪತ್ರ ತೋರಿಸಬೇಕು, ಅಂಥ ವಿಮೆ ಸಿಗುವುದೇ ಇಲ್ಲ, ಹಾಗಾಗಿ ಗಾಡಿ ಹೋಯಿತೆಂದೇ ಲೆಕ್ಕ. ದಂಡಕ್ಕಿಂತ ಭಾರವಾದದ್ದು ಆ 6 ಪಾಯಿಂಟ್. ಅಲ್ಲಿ ಲೈಸೆನ್ಸ್ ಪಾಸಾದ ಮೊದಲ ಎರಡು ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದಾಗಿ, ಮತ್ತೆ ಮೊದಲಿಂದ ಪರೀಕ್ಷೆ ಕೊಡಬೇಕು. ವಿಮೆಯಿಲ್ಲದ ಅಪರಾಧದ ಗುರುತು ದಾಖಲೆಯಲ್ಲಿ 4 ವರ್ಷ ಉಳಿಯುತ್ತದೆ, ಮುಂದೆ ಕಾರು ಕೊಂಡಾಗ ವಿಮೆಯ ಕಂತು ಏರುತ್ತದೆ. ವೀಸಾ ಅರ್ಜಿಯಲ್ಲೂ ವಾಹನ ಅಪರಾಧಕ್ಕೆ ದಂಡ ಬಿದ್ದಿದೆಯೇ ಎಂಬ ಪ್ರಶ್ನೆ ಇರುತ್ತದೆ. ಬಿದ್ದಿದ್ದರೆ ಮುಚ್ಚಿಡಬೇಡಿ, ಸುಳ್ಳು ಹೇಳಿದ್ದು ದಂಡಕ್ಕಿಂತ ದೊಡ್ಡ ತಪ್ಪಾಗುತ್ತದೆ. ಕುಡಿದು ಸ್ಕೂಟರ್ ಹತ್ತಿದರೂ ಕಾರಿನ ಕಾನೂನೇ: ಇಂಗ್ಲೆಂಡಿನಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ. ಮದ್ಯಸಾರ ಮಿತಿ. ಬಾಡಿಗೆ ಗಾಡಿಗೂ ಇದು ತಪ್ಪಿದ್ದಲ್ಲ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು, ಗಟ್ಟಿಯಾಗಿ. ಊಟ ತಲುಪಿಸುವ ಕೆಲಸಕ್ಕೆಂದು ಸ್ಕೂಟರ್ ಕೊಳ್ಳುವ ಯೋಚನೆ ಬೇಡ. ಆ ಕೆಲಸಗಾರರನ್ನು ಬಹುಪಾಲು ಸ್ವಂತ ಉದ್ಯೋಗಿಗಳೆಂದೇ ಪರಿಗಣಿಸುತ್ತಾರೆ, ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿಲ್ಲ. ಬೇರೆಯವರ ಖಾತೆಯಲ್ಲಿ ಮಾಡಿದರೂ ಅಷ್ಟೇ.

ರೈಲು ಬಸ್ಸಿನ ವಿಷಯ ಚುಟುಕಾಗಿ: 2021ರ ಡಿಸೆಂಬರ್ 13ರಿಂದ ಲಂಡನ್ ಸಾರಿಗೆಯ ಟ್ಯೂಬ್ (ನೆಲದಡಿಯ ರೈಲು), ಬಸ್, ಟ್ರ್ಯಾಮ್ ಎಲ್ಲದರಲ್ಲೂ ಸ್ವಂತ ಸ್ಕೂಟರ್, ಒಂಟಿಚಕ್ರ ನಿಷಿದ್ಧ. ಮಡಚಿದರೂ, ಚೀಲದೊಳಗಿಟ್ಟರೂ ಬಿಡುವುದಿಲ್ಲ. ದಂಡ 1000 ಪೌಂಡ್‌ವರೆಗೆ ಆಗಬಹುದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದ ಪ್ರಕರಣಗಳೇ ಇದಕ್ಕೆ ಕಾರಣ.

ಅದೇ ಬ್ಯಾಟರಿಯಿಂದಾಗಿ ಊರಿನಿಂದ ಗಾಡಿ ಒಯ್ಯುವುದೂ ಆಗದು. ವಿಮಾನದಲ್ಲಿ 100 ವ್ಯಾಟ್-ಅವರ್ ಒಳಗಿನ ಬ್ಯಾಟರಿ ಸರಾಗ. 100ರಿಂದ 160ರವರೆಗಿನದ್ದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೂ ಮೀರಿದ್ದು ಪ್ರಯಾಣಿಕರ ಸಾಮಾನಿನಲ್ಲಿ ಹೋಗುವುದಿಲ್ಲ. ಲೆಕ್ಕ ಸುಲಭ, ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ. 36 ವೋಲ್ಟ್, 7.5 ಆಂಪಿಯರ್-ಅವರಿನ ಸಣ್ಣ ಸ್ಕೂಟರೇ 270 ಆಯಿತು. ಒಂಟಿಚಕ್ರದ್ದಂತೂ ಇದಕ್ಕಿಂತ ಬಹಳ ಹೆಚ್ಚು.

ಖಾಸಗಿ ಜಾಗ ಸಿಕ್ಕಿ ಒಂಟಿಚಕ್ರ ಕಲಿಯುವವರು ಒಂದು ಅಪಾಯ ತಿಳಿದಿರಲಿ. ಅದರಲ್ಲಿ ನಿಮ್ಮನ್ನು ಬೀಳದಂತೆ ಹಿಡಿದಿರುವುದು ಮೋಟಾರಿನ ಬಲವೇ. ಬ್ಯಾಟರಿ ಇಳಿದಾಗ, ಚಳಿಯಲ್ಲಿ ಅದರ ವೋಲ್ಟೇಜ್ ಕುಸಿದಾಗ, ಏರಿನಲ್ಲಿ ಜೋರಾಗಿ ಮುಂದೆ ಬಾಗಿದಾಗ ಮೋಟಾರಿಗೆ ಬಲ ಸಾಲದೆ ಮುಖ ಅಡಿಯಾಗಿ ಬೀಳುತ್ತೀರಿ. ಆಗುಂಬೆಯ ಮಳೆ ಕಂಡವರಿಗೆ ಲಂಡನ್ನಿನ ಜಡಿಮಳೆ ಏನೂ ಅಲ್ಲ, ಆದರೆ ಜನವರಿಯ ಚಳಿ ಬ್ಯಾಟರಿಗೆ ಹೊಸದು. ಪಾದದ ಹಲಗೆ ತಾನಾಗಿ ಮೇಲೆದ್ದು ಹಿಂದಕ್ಕೆ ತಳ್ಳಿದರೆ ಅದು ಎಚ್ಚರಿಕೆ, ಮೀರಿ ಬಾಗಬೇಡಿ. ಮಣಿಕಟ್ಟಿನ ಕಾಪು, ಮಂಡಿ ಕಾಪು, ಇಡೀ ಮುಖ ಮುಚ್ಚುವ ಹೆಲ್ಮೆಟ್ ಬೇಕೇ ಬೇಕು.

ಸ್ವಂತದ್ದೇ ಬೇಕು ಅನ್ನುವವರಿಗೆ ನಮ್ಮ ಸಲಹೆ ಪೆಡಲ್ ಇರುವ ಇ-ಸೈಕಲ್. ಮೋಟಾರು 250 ವ್ಯಾಟ್ ಮೀರಬಾರದು, ಗಂಟೆಗೆ 15.5 ಮೈಲಿ ಆದಾಗ ಮೋಟಾರಿನ ನೆರವು ನಿಲ್ಲಬೇಕು, ಓಡಿಸುವವರಿಗೆ 14 ವರ್ಷ ಆಗಿರಬೇಕು. ಇಷ್ಟಿದ್ದರೆ ಲೈಸೆನ್ಸ್, ವಿಮೆ, ತೆರಿಗೆ ಯಾವುದೂ ಬೇಡ, ಸೈಕಲ್ ಪಥದಲ್ಲೇ ಹೋಗಬಹುದು. ಕೊಳ್ಳುವಾಗ ಚೌಕಟ್ಟಿನ ಮೇಲಿನ ತಗಡು ಓದಿ: ತಯಾರಕರ ಹೆಸರು ಅಥವಾ ಮೋಟಾರಿನ ವ್ಯಾಟ್, ಜೊತೆಗೆ ಬ್ಯಾಟರಿಯ ವೋಲ್ಟ್ ಅಥವಾ ಗರಿಷ್ಠ ವೇಗ ಅಲ್ಲಿ ಇರಲೇಬೇಕು. ಪೆಡಲ್ ತುಳಿಯದೆ ಬರೀ ಥ್ರಾಟಲ್ ತಿರುವಿ ಪೂರ್ತಿ ವೇಗಕ್ಕೆ ಹೋಗುವಂಥದ್ದಾಗಿ ಅದಕ್ಕೆ ತಯಾರಿಕೆಯ ಅನುಮೋದನೆ ಇಲ್ಲದಿದ್ದರೆ, ಮೊಬೈಲಿನಿಂದ ಮಿತಿ ಬಿಚ್ಚಿದ್ದರೆ, ಅದು ಮತ್ತೆ ಮೋಟಾರು ವಾಹನವೇ. ಹಳೆಯದನ್ನು ಕೊಳ್ಳುವಾಗ ಇದನ್ನು ಕೇಳಿ ನಂಬಬೇಡಿ, ಒಂದು ಸುತ್ತು ಓಡಿಸಿ ನೋಡಿ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ, ಮಲಗಿದಾಗ ಚಾರ್ಜಿಗೆ ಹಾಕಬೇಡಿ, ಬಾಗಿಲ ದಾರಿಯಲ್ಲಿ ಇಡಬೇಡಿ. ಮನೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆಯೊಳಗೆ ಬ್ಯಾಟರಿ ಚಾರ್ಜ್ ಮಾಡಲು ಮಾಲೀಕರ ಒಪ್ಪಿಗೆ ಇದೆಯೇ ಎಂದು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.