ಚರ್ಚ್ ಕಡೆ ತಲೆ ಹಾಕದ ಬಿಸಿನೆಸ್ ಲೀಡರ್‌ಗಳಿಗೆ ಚಾಪ್ಲೇನ್ ಆಗೋದು ಹೇಗೆ

ಕಂಪನಿ ನಡೆಸೋರ ಸುತ್ತ ಯಾವಾಗ್ಲೂ ಜನ ಇರ್ತಾರೆ, ಆದ್ರೆ ಅವರಲ್ಲಿ ಒಬ್ಬೊಬ್ಬರಿಗೂ ಏನಾದ್ರೂ ಒಂದು ಬೇಕಿರುತ್ತೆ, ಸ್ಟಾಫ್‌ಗೆ ಇನ್‌ಕ್ರಿಮೆಂಟ್, ಬ್ಯಾಂಕಿಗೆ ಕಂತು, ಇನ್ವೆಸ್ಟರ್‌ಗೆ ರಿಟರ್ನ್, ಮನೆಯವರಿಗೆ ಟೈಮು, ಸಭೆಗೆ (ಅಂದ್ರೆ ಚರ್ಚ್‌ಗೆ) ಕಟ್ಟಡದ ಕಾಣಿಕೆ. ಏನೂ ಕೇಳದೆ ಪಕ್ಕದಲ್ಲಿ ಕೂರೋ ಒಬ್ಬರು ಸಿಗೋದು ತುಂಬ ಕಷ್ಟ. ಆ ಒಬ್ಬರು ನೀವಾಗ್ಬೇಕು, ಚಾಪ್ಲೇನ್ ಸೇವೆ (ಚರ್ಚ್ ಹೊರಗೆ, ಜನ ಇರೋ ಜಾಗಕ್ಕೇ ಹೋಗಿ ಅವರ ಜತೆಗಿರೋ ಸೇವೆ) ಅಂದ್ರೆ ಇಷ್ಟೇ, ಅದಿಲ್ಲದೆ ನೀವು ಎಷ್ಟೇ ಚೆನ್ನಾಗಿ ಬೈಬಲ್ ವಾಕ್ಯ ಹೇಳಿದ್ರೂ ಅವರ ಕಿವಿಗೆ ಅದು ಇನ್ನೊಂದು ಸೇಲ್ಸ್ ಕಾಲ್ ಥರಾನೇ ಕೇಳುತ್ತೆ.

ಮೊದಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಳ್ಳಿ. ಚಾಪ್ಲೇನ್ ಸೇವೆ ಬೇರೆ, ಸುವಾರ್ತೆ ಹೇಳೋದು ಬೇರೆ. ಕಂಪನಿನೇ ನಿಮ್ಮನ್ನ ಒಳಗೆ ಕರೆಸಿದ್ರೆ (ಅಮೆರಿಕದಲ್ಲಿ ಇದು ಹೊಸದೇನಲ್ಲ, ಕಂಪನಿಗಳಿಗೆ ಚಾಪ್ಲೇನ್‌ಗಳನ್ನ ಕಳಿಸೋ ಮಾರ್ಕೆಟ್‌ಪ್ಲೇಸ್ ಚಾಪ್ಲೇನ್ಸ್ ಅನ್ನೋ ಸಂಸ್ಥೆ 1984ರಲ್ಲೇ ಶುರುವಾಯ್ತು, ಮಾಂಸ ಮಾರೋ ದೊಡ್ಡ ಕಂಪನಿ ಟೈಸನ್ ಫುಡ್ಸ್ 2000ದಿಂದ ತನ್ನ ಪ್ಲಾಂಟ್‌ಗಳಲ್ಲಿ ಚಾಪ್ಲೇನ್‌ಗಳನ್ನ ಇಟ್ಕೊಂಡಿದೆ) ಅಲ್ಲಿ ನೀವು ಎಲ್ಲರಿಗೂ ಸೇರಿದವರು, ನಂಬಿಕೆ ಇಲ್ಲದವರಿಗೂ, ಬೇರೆ ಧರ್ಮದವರಿಗೂ. ಅಲ್ಲಿ ಅವರು ಕೇಳದೆ ನೀವಾಗಿ ಯೇಸುವಿನ ವಿಷ್ಯ ಎತ್ತಬಾರದು, ಯಾಕಂದ್ರೆ ಮ್ಯಾನೇಜ್‌ಮೆಂಟ್ ಕಳಿಸಿದ ವ್ಯಕ್ತಿ ಮುಂದೆ ಬೇಡ ಅನ್ನೋಕೆ ಜನಕ್ಕೆ ಧೈರ್ಯ ಬರಲ್ಲ. ಅದೇ ಒಬ್ಬ ಲೀಡರ್ ಜತೆ ಸ್ನೇಹಿತರಾಗಿ, ಸಮಾನರಾಗಿ ಕೂತಾಗ ಸ್ವಲ್ಪ ಸ್ವಾತಂತ್ರ್ಯ ಇದೆ. ಎರಡನ್ನೂ ಕಲಸಿಬಿಟ್ರೆ ಎರಡೂ ಕೆಡುತ್ತೆ.

ಇನ್ನು ಕಾಲ ಎಂಥದ್ದು ಅಂತ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಲಿ 2011ರಲ್ಲಿ 59.3% ಜನ ತಾವು ಕ್ರೈಸ್ತರು ಅಂದಿದ್ರು, 2021ರಲ್ಲಿ ಅದು 46.2%ಕ್ಕೆ ಇಳೀತು, ಯಾವ ಧರ್ಮನೂ ಇಲ್ಲ ಅನ್ನೋರು 37.2% ಆದ್ರು. ಇವರಲ್ಲಿ ಎಷ್ಟೋ ಜನ ದೇವರ ಮೇಲೆ ಕೋಪ ಇಟ್ಕೊಂಡಿರೋರಲ್ಲ, ಆ ಪ್ರಶ್ನೆನೇ ಅವರಿಗೆ ಬಂದಿಲ್ಲ ಅಷ್ಟೇ. ಹಾಗಾಗಿ ವಾದ ರೆಡಿ ಮಾಡ್ಕೊಂಡು ಹೋಗೋದು ದಂಡ. ಪಾಪ, ರಕ್ಷಣೆ, ಕೃಪೆ ಈ ಮಾತುಗಳೆಲ್ಲ ನಮಗೆ ಬಾಯಿಪಾಠ, ಅವರಿಗೆ ಏನೂ ಹೇಳಲ್ಲ. ಆದ್ರೆ ರಾತ್ರಿ ಮೂರಕ್ಕೆ ಎಚ್ಚರ ಆಗೋದು, ನನ್ನ ನಂತರ ಇದನ್ನ ಯಾರು ನೋಡ್ಕೊಳ್ತಾರೆ ಅನ್ನೋ ಭಯ, ಇಷ್ಟೆಲ್ಲ ಯಾಕೆ ಮಾಡ್ತಿದೀನಿ ಅನ್ನೋ ಪ್ರಶ್ನೆ, ಇವು ಚೆನ್ನಾಗೇ ಗೊತ್ತು. ಬೈಬಲ್‌ನ ಪ್ರಸಂಗಿ ಪುಸ್ತಕದ 2ನೇ ಅಧ್ಯಾಯ ಓದಿ, ಮನೆ ಕಟ್ಟಿ ತೋಟ ಮಾಡಿ ಬೆಳ್ಳಿ ಬಂಗಾರ ಕೂಡಿಹಾಕಿದ ಮನುಷ್ಯ ಕೊನೆಗೆ, ಇದೆಲ್ಲ ನನ್ನ ಹಿಂದೆ ಬರೋನಿಗೆ ಬಿಟ್ಟು ಹೋಗ್ಬೇಕು, ಅವನು ಜಾಣನೋ ದಡ್ಡನೋ ಯಾರಿಗೆ ಗೊತ್ತು ಅಂತ ಕೊರಗ್ತಾನೆ. ಕಂಪನಿನ ಮಕ್ಕಳಿಗೆ ಕೊಡ್ಬೇಕೋ ಮಾರ್ಬೇಕೋ ಅಂತ ಒದ್ದಾಡ್ತಿರೋರು ಬೈಬಲ್‌ನಲ್ಲಿ ಮೊದಲು ಏನು ಓದಲಿ ಅಂತ ಕೇಳಿದ್ರೆ ನಾನು ಈ ಅಧ್ಯಾಯನೇ ಹೇಳೋದು.

ಶುರು ಮಾಡೋದು ದೊಡ್ಡ ಪ್ರೋಗ್ರಾಮ್‌ನಿಂದ ಬೇಡ. ಒಬ್ಬರು ಸಾಕು. ಅವರನ್ನ ಸಭೆಗೆ ಕರೀಬೇಡಿ, ನೀವೇ ಅವರ ಜಾಗಕ್ಕೆ ಹೋಗಿ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1944ರಲ್ಲಿ ಟೆಡ್ ವಿಕ್‌ಹ್ಯಾಮ್ ಅನ್ನೋ ಪಾದ್ರಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಉಕ್ಕಿನ ಕಾರ್ಖಾನೆಗಳ ಒಳಗೇ ಹೋಗಿ ಬಿಡುವಿನ ಹೊತ್ತಲ್ಲಿ ಕೆಲಸಗಾರರ ಜತೆ ಕೂತು ಮಾತಾಡೋಕೆ ಶುರು ಮಾಡಿದ್ರು, ಕೈಗಾರಿಕಾ ಮಿಷನ್ ಅನ್ನೋದು ಅಲ್ಲಿ ಬೆಳೆದದ್ದೇ ಹಾಗೆ. ಅವರ ಹತ್ರ ಇಪ್ಪತ್ತೈದು ನಿಮಿಷ ಟೈಮ್ ಕೇಳಿ, ಇಪ್ಪತ್ತೈದಕ್ಕೆ ಎದ್ದೇಳಿ, ಅವರು ಇನ್ನೂ ಕೂತ್ಕೊಳ್ಳಿ ಅಂದ್ರೆ ಆಮೇಲೆ ನೋಡೋಣ. ಕ್ವಾರ್ಟರ್ ಕೊನೆ, ಆಡಿಟ್ ವಾರ ಇಂಥ ಟೈಮಲ್ಲಿ ಹೋಗ್ಬೇಡಿ. ಕ್ಯಾಶ್ ಫ್ಲೋ ಅಂದ್ರೇನು, ಸಂಬಳದ ದಿನ ಹತ್ರ ಬಂದಾಗ ಅಕೌಂಟಲ್ಲಿ ದುಡ್ಡಿಲ್ಲ ಅಂದ್ರೆ ಏನಾಗುತ್ತೆ ಅಂತ ಕಲ್ತುಕೊಂಡೇ ಹೋಗಿ, ಲಾಭ ಇದ್ರೂ ಕೈಯಲ್ಲಿ ಕಾಸಿಲ್ಲದ ಕಂಪನಿ ಇರಬಹುದು ಅನ್ನೋದೇ ಗೊತ್ತಿಲ್ಲದವರ ಮುಂದೆ ಯಾರು ಮನಸ್ಸು ಬಿಚ್ಚುತ್ತಾರೆ?

ಒಂದು ಉದಾಹರಣೆ ತಗೊಳ್ಳಿ. ಅವರು ಹೇಳ್ತಾರೆ, ನಾಳೆ ಬೆಳಿಗ್ಗೆ ನಲವತ್ತು ಜನರನ್ನ ಕೆಲಸದಿಂದ ತೆಗೀಬೇಕು ಅಂತ. ಇಲ್ಲಿ ನಮ್ಮ ಬಾಯಿಗೆ ತಕ್ಷಣ ಬರೋದು ದೇವರು ಎಲ್ಲಾ ಒಳ್ಳೇದು ಮಾಡ್ತಾನೆ ಅನ್ನೋ ಮಾತು, ಅದನ್ನ ನುಂಗಿಕೊಳ್ಳಿ. ಬೈಬಲ್‌ನಲ್ಲಿ ಮಕ್ಕಳು, ಆಸ್ತಿ ಎಲ್ಲಾ ಕಳ್ಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಸುಮ್ಮನೆ ಜತೆ ಕೂತಿದ್ರು, ಅಲ್ಲೀವರೆಗೆ ಎಲ್ಲ ಸರಿ ಇತ್ತು, ಬಾಯಿ ತೆಗೆದ ಮೇಲೇ ಕೆಟ್ಟದ್ದು. ನೀವು ಕೇಳಿ, ಯಾರಿಗೆ ಹೇಳೋದು ಜಾಸ್ತಿ ಕಷ್ಟ ಅನ್ನಿಸ್ತಿದೆ? ಅವರು ಒಂದು ಹೆಸರು ಹೇಳ್ತಾರೆ, ಹದಿನೈದು ವರ್ಷದಿಂದ ಜತೆಗಿದ್ದವರು, ಮಗಳ ಮದುವೆಗೆ ಹೋಗಿ ಬಂದಿದ್ದು, ಮಾತು ಅಲ್ಲಿಂದ ತಾನಾಗೇ ಬರುತ್ತೆ. ಆಮೇಲೆ ಕೇಳಿ, ಅವರಿಗೆ ನೀವೇ ಮುಖ ಕೊಟ್ಟು ಹೇಳ್ತೀರಾ, ಇಲ್ಲ ಎಚ್‌ಆರ್‌ಗೆ ಬಿಡ್ತೀರಾ? ಈ ಪ್ರಶ್ನೆಲಿ ಉಪದೇಶ ಇಲ್ಲ, ಆದ್ರೆ ಆತ್ಮಸಾಕ್ಷಿ ಎಚ್ಚರ ಆಗೋಕೆ ಅಷ್ಟು ಸಾಕು. ಏಳೋ ಮುಂಚೆ ಕೇಳಿ, ನಿಮಗೋಸ್ಕರ ಪ್ರೇಯರ್ ಮಾಡ್ಬೇಕು ಅಂತಿದೀನಿ, ಇಲ್ಲೇ ಮಾಡಲಾ, ಮನೆಗೆ ಹೋಗಿ ಮಾಡಲಾ? ಹೀಗೆ ಕೇಳಿದ್ರೆ ಬೇಡ ಅನ್ನೋರಿಗೂ ಮುಜುಗರ ಆಗಲ್ಲ. ಇಲ್ಲೇ ಅಂದ್ರೆ ಒಂದು ನಿಮಿಷ ಸಾಕು, ಆಡುಮಾತಲ್ಲಿ, ಅವರ ಹೆಸರು ಹೇಳಿ, ಕೆಲಸ ಹೋಗ್ತಿರೋರ ಹೆಸರೂ ಹೇಳಿ. ಮಾರನೇ ದಿನ ಸಾಯಂಕಾಲ ಒಂದು ಮೆಸೇಜ್ ಹಾಕಿ, ಹೇಗಾಯ್ತು ಅಂತ, ವಾಕ್ಯದ ಫೋಟೋ ಕಳಿಸ್ಬೇಡಿ.

ಗುಟ್ಟು ಕಾಯೋದರ ಬಗ್ಗೆ ನಾನು ತುಂಬ ಸ್ಟ್ರಿಕ್ಟ್. ಎಷ್ಟೋ ಕಡೆ ಇಂಥ ಸೇವೆ ಸಾಯೋದು ಪ್ರಾರ್ಥನಾ ವಿಜ್ಞಾಪನೆ ಅನ್ನೋ ಹೆಸರಲ್ಲೇ. ಹೆಸರು ಹೇಳದೆ, ಒಬ್ಬ ಸಹೋದರರ ಬಿಸಿನೆಸ್ ಕಷ್ಟದಲ್ಲಿದೆ ಪ್ರಾರ್ಥಿಸಿ ಅಂತ ಗ್ರೂಪಲ್ಲಿ ಹಾಕಿದ್ರೂ ಹತ್ತು ನಿಮಿಷಕ್ಕೆ ಯಾರು ಅಂತ ಗೊತ್ತಾಗುತ್ತೆ, ನಾಳೆ ಸಪ್ಲೈಯರ್ ಸಾಲ ನಿಲ್ಲಿಸ್ತಾನೆ. ಕಂಪನಿ ಷೇರು ಮಾರ್ಕೆಟ್‌ನಲ್ಲಿದ್ರೆ ಇನ್ನೂ ಗಂಭೀರ, ವಿಲೀನದ ಸುದ್ದಿ ನಿಮ್ಮ ಕಿವಿಗೆ ಬಿದ್ದ ಮೇಲೆ ನೀವಾಗ್ಲಿ ನಿಮ್ಮ ಮಾತು ಕೇಳಿದ ಯಾರೇ ಆಗ್ಲಿ ಆ ಷೇರು ಮುಟ್ಟಿದ್ರೆ ಅದು ಇನ್‌ಸೈಡರ್ ಟ್ರೇಡಿಂಗ್ ಆಗಬಹುದು, ಅಂದ್ರೆ ಅಪರಾಧ. ಹೆಂಡತಿಗೂ ಹೇಳ್ಬೇಡಿ, ಗಂಡನಿಗೂ ಹೇಳ್ಬೇಡಿ. ಸ್ಟಾಫ್ ಹೇಳಿದ್ದು ಬಾಸ್‌ಗೆ ಹೋಗಬಾರದು, ಬಾಸ್ ಹೇಳಿದ್ದು ಸ್ಟಾಫ್‌ಗೆ ಹೋಗಬಾರದು, ಇದನ್ನ ಮೊದಲ ದಿನನೇ ಇಬ್ಬರಿಗೂ ಹೇಳಿಬಿಡಿ. ಇದಕ್ಕೆ ಮಿತಿ ಇದೆ, ಜೀವಕ್ಕೆ ಅಪಾಯ ಅಥವಾ ಮಗುವಿಗೆ ಹಿಂಸೆ ಅಂತ ಗೊತ್ತಾದ್ರೆ ಸುಮ್ಮನಿರೋಕೆ ಆಗಲ್ಲ, ಅದನ್ನೂ ಮುಂಚೆನೇ ಹೇಳಿ. ಸಾಯೋ ಮಾತು ಬಂದ್ರೆ ಅವರನ್ನ ಒಂಟಿಯಾಗಿ ಬಿಡ್ಬೇಡಿ, ಆ ಹೊತ್ತಿಗೆ ಬೇಕಿರೋದು ಡಾಕ್ಟರ್, ನೀವು ಜತೆಗಿರಿ.

ದುಡ್ಡು ಕೇಳ್ಬೇಡಿ. ಯೇಸು ಸುಂಕ ವಸೂಲಿ ಮಾಡ್ತಿದ್ದ ಸಾಹುಕಾರ ಜಕ್ಕಾಯನ ಮನೆಗೆ ಹೋದಾಗ ಕಾಣಿಕೆ ಕೇಳಿದ್ದು ಎಲ್ಲೂ ಇಲ್ಲ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ಅಂತ ಅವನೇ ಎದ್ದು ನಿಂತು ಹೇಳಿದ್ದು (ಲೂಕ 19). ಅವರಾಗೇ ಕೊಡ್ತೀನಿ ಅಂದ್ರೂ ನಿಮ್ಮ ಸಭೆಗೆ ಬೇಡ, ಅಗತ್ಯ ಇರೋ ಬೇರೆ ಕಡೆ ತೋರಿಸಿ. ಹಾಗೇ ಹೊಸದಾಗಿ ನಂಬಿದವರನ್ನ ತಕ್ಷಣ ಸ್ಟೇಜ್ ಹತ್ತಿಸಿ ಸಾಕ್ಷಿ ಹೇಳಿಸೋದು ಬೇಡ. ನಿಕೊದೇಮ ಅನ್ನೋ ಯೆಹೂದಿ ಮುಖಂಡ ಯೇಸು ಹತ್ರ ರಾತ್ರಿ ಹೊತ್ತು ಬಂದ, ಯೇಸು ಅವನನ್ನ ಹಗಲಲ್ಲಿ ಬಾ ಅನ್ನಲಿಲ್ಲ.

ನಾಲ್ಕಾರು ಜನ ಆದ್ಮೇಲೆ ಮಧ್ಯಾಹ್ನದ ಒಂದು ಚಿಕ್ಕ ಕೂಟ ಮಾಡಬಹುದು. ಇದಕ್ಕೆ ಒಳ್ಳೇ ಮಾದರಿ ಹಳೇದೇ, 1857ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಫುಲ್ಟನ್ ಸ್ಟ್ರೀಟ್‌ನಲ್ಲಿ ಜೆರೆಮಾಯ ಲ್ಯಾನ್‌ಫಿಯರ್, ಇವರೂ ಮುಂಚೆ ವ್ಯಾಪಾರ ಮಾಡ್ತಿದ್ದವರೇ, ಮಧ್ಯಾಹ್ನ ಹನ್ನೆರಡಕ್ಕೆ ಪ್ರಾರ್ಥನೆ ಇಟ್ಟಾಗ ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ, ಆಮೇಲೆ ಆರು ಜನ ಆದ್ರು. ಮುಂದಿನ ತಿಂಗಳು ಬ್ಯಾಂಕ್‌ಗಳು ಮುಗ್ಗರಿಸಿದಾಗ ಜನ ತುಂಬಿ ಹೋದ್ರು. ನನಗೆ ಇಷ್ಟ ಆಗೋದು ಅಲ್ಲಿನ ನಿಯಮಗಳು, ಐದು ನಿಮಿಷ ಕೂತು ಎದ್ದು ಹೋದ್ರೂ ಸರಿ, ಒಬ್ಬರೇ ಉದ್ದಕ್ಕೆ ಪ್ರಾರ್ಥಿಸೋ ಹಾಗಿಲ್ಲ, ವಾದಕ್ಕೆ ಬೀಳೋ ವಿಷ್ಯ ಎತ್ತೋ ಹಾಗಿಲ್ಲ. ಈ ಮೂರನ್ನೂ ಹಾಗೇ ತಗೊಳ್ಳಿ. ಅಲ್ಲಿ ಬಿಸಿನೆಸ್ ಕಾರ್ಡ್ ಹಂಚೋಕೆ ಬರೋರನ್ನ ಪಕ್ಕಕ್ಕೆ ಕರೆದು ನಯವಾಗಿ ತಡೀರಿ.

ಕೆಲವು ಸಲ ಲೀಡರ್‌ಗೇ ಉತ್ಸಾಹ ಉಕ್ಕಿ, ಸೋಮವಾರದಿಂದ ಎಲ್ಲ ಸ್ಟಾಫೂ ಪ್ರೇಯರ್‌ಗೆ ಬರ್ಬೇಕು ಅಂತಾರೆ. ಆಗ ತಡೆಯೋದು ನಿಮ್ಮ ಕೆಲಸ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಪ್ರಕಾರ ಧರ್ಮದ ವಿಷ್ಯದಲ್ಲಿ ಸ್ಟಾಫ್ ಮೇಲೆ ಒತ್ತಡ ಹಾಕಿದ್ರೆ ಕೇಸ್ ಆಗುತ್ತೆ, ಬೇರೆ ದೇಶಗಳಲ್ಲಿ ಅಲ್ಲಿನ ವಕೀಲರನ್ನ ಕೇಳಲಿ. ಕಾನೂನು ಪಕ್ಕಕ್ಕಿಟ್ರೂ, ಸಂಬಳ ಕೊಡೋರಿಗೆ ಹೆದರಿ ಮಾಡೋ ಪ್ರಾರ್ಥನೆ ಪ್ರಾರ್ಥನೆನೇ ಅಲ್ಲ.

ಕೊನೇದಾಗಿ, ಅವರು ಹುದ್ದೆ ಬಿಟ್ಟಾಗ, ಕಂಪನಿ ಮುಚ್ಚಿದಾಗ, ಬೋರ್ಡ್ ಹೊರಗೆ ಹಾಕಿದಾಗ ಫೋನ್ ಒಂದೇ ವಾರದಲ್ಲಿ ಖಾಲಿಯಾಗುತ್ತೆ. ನೀವು ಮುಂಚೆ ಯಾವ ದಿನ ಯಾವ ಟೈಮಿಗೆ ಭೇಟಿ ಆಗ್ತಿದ್ರೋ ಅದೇ ದಿನ ಅದೇ ಟೈಮಿಗೆ ಹೋಗ್ತಾ ಇರಿ, ಈಗ ಇಪ್ಪತ್ತೈದು ನಿಮಿಷದ ಲೆಕ್ಕ ಬೇಡ.