ಸ್ಪೋರ್ಟ್ಸ್ ಕಾರಿನ ಮೈಲೇಜ್: ನನ್ನ ಲೆಕ್ಕದ ಪುಸ್ತಕ ಕಲಿಸಿದ್ದು

ನನ್ನ ಕಾರು 2013ರ ಟೊಯೋಟಾ ಜಿಟಿ86. ಎರಡು ಲೀಟರ್ ಪೆಟ್ರೋಲ್ ಎಂಜಿನ್, 200 ಅಶ್ವಶಕ್ತಿ, ಆರು ಗೇರಿನ ಮ್ಯಾನ್ಯುಯಲ್, ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ಎರಡು ಬಾಗಿಲಿನ ಕೂಪೆ. ನೋಡಿದವರು ಮೊದಲು ಎಷ್ಟು ಸ್ಪೀಡ್ ಹೋಗುತ್ತೆ ಅಂತ ಕೇಳುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ: ಮೈಲೇಜ್ ಎಷ್ಟು ಕೊಡುತ್ತೆ?

ಇದಕ್ಕೆ ಒಂದೇ ಉತ್ತರ ಇಲ್ಲ. ಯುರೋಪಿನ ಹಳೆಯ ಎನ್‌ಇಡಿಸಿ ಪರೀಕ್ಷೆಯ ಪ್ರಕಾರ ಈ ಕಾರಿಗೆ 100 ಕಿಲೋಮೀಟರಿಗೆ 7.8 ಲೀಟರ್ ಬೇಕು. ಅಂದರೆ ಲೀಟರಿಗೆ 12.8 ಕಿಲೋಮೀಟರ್. ಅಮೆರಿಕದಲ್ಲಿ ಇದೇ ಕಾರನ್ನು ಸಯಾನ್ ಎಫ್‌ಆರ್-ಎಸ್ ಎಂಬ ಹೆಸರಿನಲ್ಲಿ ಮಾರಿದರು. ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ ಇಪಿಎ ಕೊಟ್ಟ ಅಂಕಿ ಗ್ಯಾಲನ್ನಿಗೆ 25 ಮೈಲಿ. ಲೀಟರಿಗೆ ಲೆಕ್ಕ ಹಾಕಿದರೆ 10.6. ಎಂಜಿನ್ ಅದೇ, ಕಾರೂ ಅದೇ. ವ್ಯತ್ಯಾಸ ಮಾತ್ರ ಎರಡು ಕಿಲೋಮೀಟರಿಗಿಂತ ಜಾಸ್ತಿ.

ಕಾರಣ ಪರೀಕ್ಷೆಯಲ್ಲೇ ಇದೆ. ಎನ್‌ಇಡಿಸಿ 20 ನಿಮಿಷದ, ಸುಮಾರು 11 ಕಿಲೋಮೀಟರಿನ ಓಟ. ಅದರಲ್ಲಿ ವೇಗ ಏರುವುದು ಬಹಳ ನಿಧಾನ. ಎಸಿ ಹಾಕುವುದಿಲ್ಲ. ಇಪಿಎ 2008ರ ಮಾದರಿಗಳಿಂದ ಜೋರು ವೇಗ, ಎಸಿ, ಚಳಿ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಿತು. ಯುರೋಪು 2017ರಲ್ಲಿ ಡಬ್ಲ್ಯೂಎಲ್‌ಟಿಪಿಗೆ ಬದಲಾಯಿತು. ಅದು 30 ನಿಮಿಷದ, ಸುಮಾರು 23 ಕಿಲೋಮೀಟರಿನ ಪರೀಕ್ಷೆ, ಗರಿಷ್ಠ ವೇಗ ಗಂಟೆಗೆ 131 ಕಿಲೋಮೀಟರ್. ಹಾಗಾಗಿ ಎರಡು ಕಾರುಗಳನ್ನು ಹೋಲಿಸುವಾಗ ಎರಡರ ಅಂಕಿಯೂ ಒಂದೇ ಪರೀಕ್ಷೆಯದ್ದೇ ಅಂತ ಮೊದಲು ನೋಡಿ.

ನಿಮ್ಮ ಕೈಯಲ್ಲಿ ನಿಮ್ಮ ಕಾರು ಎಷ್ಟು ಕೊಡುತ್ತದೆ ಅನ್ನುವುದನ್ನು ನೀವೇ ಅಳೆಯಬೇಕು. ನನ್ನ ಗ್ಲೋವ್ ಬಾಕ್ಸಿನಲ್ಲಿ ಒಂದು ಸಣ್ಣ ಪುಸ್ತಕ ಇದೆ. ಕಾರು ತಂದ ದಿನದಿಂದ ಪ್ರತಿ ಟ್ಯಾಂಕಿನ ಲೆಕ್ಕವೂ ಅದರಲ್ಲಿದೆ. ಕೆಳಗೆ ಬರುವ ಓಟದ ಅಂಕಿಗಳೆಲ್ಲ ಅದರಿಂದ ತೆಗೆದವು.

ಅಳೆಯುವ ಬಗೆ

ಬಂಕಿನಲ್ಲಿ ನಳಿಕೆ ತಾನಾಗಿ ಮೊದಲ ಸಲ ಟಕ್ ಅಂದು ನಿಂತ ಕೂಡಲೇ ಸಾಕು ಅನ್ನಿ. ಮೇಲೆ ಹನಿ ಹನಿಯಾಗಿ ತುಂಬಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕಿನ ಮುಕ್ಕಾಲು ಭಾಗ ಮುಗಿಯುವ ತನಕ ಓಡಿಸಿ. ಸಾಧ್ಯವಾದರೆ ಅದೇ ಬಂಕಿಗೆ ಹೋಗಿ, ಮತ್ತೆ ಮೊದಲ ಟಕ್‌ಗೆ ನಿಲ್ಲಿಸಿ. ಓಡಿದ ಕಿಲೋಮೀಟರನ್ನು ತುಂಬಿಸಿದ ಲೀಟರಿನಿಂದ ಭಾಗಿಸಿ. ಹೋದ ಸಲ ನನ್ನದು 412 ಕಿಲೋಮೀಟರ್, 36.8 ಲೀಟರ್. ಲೀಟರಿಗೆ 11.2.

ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ. ನಳಿಕೆ ಒಂದು ಲೀಟರ್ ಹಿಂದೆ ಮುಂದೆ ನಿಂತರೂ ಉತ್ತರ ಬದಲಾಗುತ್ತದೆ. ಕನಿಷ್ಠ ಮೂರು ಟ್ಯಾಂಕ್ ಸೇರಿಸಿ ಸರಾಸರಿ ತೆಗೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಸರಾಸರಿ ಬೇರೆಯೇ ಇರಬಹುದು. ನನ್ನ ಕಾರಿನದು ಯಾವಾಗಲೂ ಅರ್ಧ ಕಿಲೋಮೀಟರಿನಷ್ಟು ಜಾಸ್ತಿ ತೋರಿಸುತ್ತದೆ.

ಟೈರಿನ ಅಳತೆ ಬದಲಿಸಿದ್ದರೆ ಅದನ್ನೂ ಲೆಕ್ಕಕ್ಕೆ ತನ್ನಿ. ನನ್ನ ಕಾರಿನ ಮೂಲ ಅಳತೆ 215/45 ಆರ್17. ನಡುವೆ ಎರಡು ವರ್ಷ 225/45 ಹಾಕಿದ್ದೆ. ಆ ಟೈರಿನ ಸುತ್ತಳತೆ ಸುಮಾರು 1.4 ಶೇಕಡಾ ದೊಡ್ಡದು. ಅಂದರೆ ನಿಜವಾಗಿ 100 ಕಿಲೋಮೀಟರ್ ಓಡಿದರೂ ಮೀಟರ್ ಸುಮಾರು 98.6 ತೋರಿಸುತ್ತದೆ. ಮೈಲೇಜ್ ಬಿದ್ದಿತು ಅಂತ ನಾನು ಒಂದು ತಿಂಗಳು ಕೊರಗಿದ್ದೆ. ಅದರಲ್ಲಿ ಸ್ವಲ್ಪ ಭಾಗ ಬರೀ ಮೀಟರಿನ ಲೆಕ್ಕ.

ಬ್ರೇಕಿನಲ್ಲಿ ಹೋಗುವ ಪೆಟ್ರೋಲ್

ಒಮ್ಮೆ ನನ್ನ ತಮ್ಮ ಕಾರನ್ನು ಒಂದು ವಾರ ತೆಗೆದುಕೊಂಡು ಹೋದ. ನಾನು ದಿನಾ ಓಡಾಡುವ ದಾರಿಯಲ್ಲೇ ಅವನೂ ಓಡಾಡಿದ. ನನಗೆ 11 ಕೊಡುವ ಕಾರು ಅವನಿಗೆ 9 ಕೊಟ್ಟಿತು. "ಅಕ್ಕ, ನಾನೇನು ಜೋರಾಗಿ ಓಡಿಸಲಿಲ್ಲ, ನಿನ್ನಷ್ಟೇ ಸ್ಪೀಡು" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಮರುದಿನ ಪಕ್ಕದಲ್ಲಿ ಕೂತು ನೋಡಿದೆ. ವೇಗ ನನ್ನಷ್ಟೇ. ಆದರೆ ದೂರದಲ್ಲಿ ಕೆಂಪು ದೀಪ ಕಂಡರೂ ಅವನ ಕಾಲು ಆಕ್ಸಿಲರೇಟರ್ ಮೇಲೇ ಇರುತ್ತಿತ್ತು. ಹತ್ತಿರ ಬಂದ ಮೇಲೆ ಬ್ರೇಕ್.

ಇದರ ಲೆಕ್ಕ ನೋಡಿ. ನನ್ನ ಕಾರಿನ ತೂಕ ಸುಮಾರು 1,240 ಕಿಲೋ. ನಾನು ಕೂತರೆ 1,300. ಅಷ್ಟು ತೂಕ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದರಲ್ಲಿ ಸುಮಾರು 500 ಕಿಲೋಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದೆ. ಎಂಜಿನ್ ಅದರಲ್ಲಿ ಕಾಲು ಭಾಗವನ್ನು ಚಕ್ರಕ್ಕೆ ಮುಟ್ಟಿಸಿತು ಅಂದುಕೊಳ್ಳಿ. ಹಾಗಾದರೆ ಒಂದು ಸಲ 100ರಿಂದ ಪೂರ್ತಿ ನಿಂತರೆ 60 ಮಿಲಿಲೀಟರ್ ಪೆಟ್ರೋಲ್ ಬ್ರೇಕ್ ಡಿಸ್ಕಿನ ಬಿಸಿಯಾಗಿ ಹೋಯಿತು. ಅಷ್ಟರಲ್ಲಿ ನನ್ನ ಕಾರು 650 ಮೀಟರ್ ಓಡುತ್ತದೆ. 50ರಿಂದ ನಿಂತರೆ ನಷ್ಟ ಇದರ ಕಾಲು ಭಾಗ ಮಾತ್ರ, ಯಾಕೆಂದರೆ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ.

ಆದ್ದರಿಂದ ಮೊದಲ ಅಭ್ಯಾಸ ಇದು: ಮುಂದೆ ನಿಲ್ಲಬೇಕು ಅಂತ ಗೊತ್ತಾದ ಕ್ಷಣ ಕಾಲು ಎತ್ತಿ, ಗೇರಿನಲ್ಲೇ ಬಿಡಿ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಹಾಕಿದ್ದು ಕಾಲು ಪೂರ್ತಿ ಎತ್ತಿದ್ದರೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತೀರಾ ಕೆಳಗಿಳಿಯುವ ತನಕ ಇಂಜೆಕ್ಟರ್ ಪೆಟ್ರೋಲ್ ಬಿಡುವುದೇ ಇಲ್ಲ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಐಡಲ್‌ನಲ್ಲಿ ಉರಿಯಲು ಪೆಟ್ರೋಲ್ ಬೇಕು, ಜೊತೆಗೆ ಕಾರಿನ ಹಿಡಿತವೂ ಕಡಿಮೆಯಾಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ.

ತಮ್ಮನಿಗೆ ಇದೊಂದನ್ನೇ ಹೇಳಿದೆ, ವೇಗ ಕಡಿಮೆ ಮಾಡು ಅನ್ನಲಿಲ್ಲ. ಮುಂದಿನ ಟ್ಯಾಂಕಿಗೆ 10.4 ಬಂತು.

ಗೇರು ಮತ್ತು ಆಕ್ಸಿಲರೇಟರ್

ಮೈಲೇಜ್ ಬೇಕು ಅಂದರೆ ಪೆಡಲನ್ನು ಮೊಟ್ಟೆ ಒತ್ತಿದ ಹಾಗೆ ಒತ್ತಬೇಕು ಅಂತ ಬಹಳ ಜನ ನಂಬಿದ್ದಾರೆ. ಇದು ಅರ್ಧ ಸತ್ಯ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ಥ್ರಾಟಲ್ ಬಾಗಿಲು ಸ್ವಲ್ಪವೇ ತೆರೆದಿದ್ದರೆ ಎಂಜಿನ್ ಗಾಳಿ ಎಳೆದುಕೊಳ್ಳಲು ಒದ್ದಾಡುತ್ತದೆ. ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ದೊಡ್ಡ ಎಂಜಿನ್ನಿನ ಸ್ಪೋರ್ಟ್ಸ್ ಕಾರು ಊರೊಳಗೆ ಜಾಸ್ತಿ ಕುಡಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಅದರ ಶಕ್ತಿಯ ಸಣ್ಣ ಚೂರನ್ನು ಮಾತ್ರ ನಾವು ಅಲ್ಲಿ ಕೇಳುತ್ತೇವೆ.

ಹಾಗಾಗಿ ನಾನು ಪೆಡಲ್ ಅರ್ಧದಷ್ಟು ಧೈರ್ಯವಾಗಿ ಒತ್ತುತ್ತೇನೆ, ಆದರೆ 2,500ರಿಂದ 3,000 ಆರ್‌ಪಿಎಂ ಒಳಗೆ ಗೇರ್ ಏರಿಸುತ್ತೇನೆ. ಬೇಕಾದ ವೇಗ ಸಿಕ್ಕಿದ ಕೂಡಲೇ ದೊಡ್ಡ ಗೇರಿಗೆ ಹೋಗುತ್ತೇನೆ. ನನ್ನ ಕಾರು 100ರಲ್ಲಿ ಹೋಗುವಾಗ ಆರನೇ ಗೇರಿನಲ್ಲಿ ಸುಮಾರು 2,700 ಆರ್‌ಪಿಎಂ, ಐದರಲ್ಲಿ 3,500, ನಾಲ್ಕರಲ್ಲಿ 4,200 ದಾಟುತ್ತದೆ. ಈ ಮೂರು ಗೇರುಗಳಲ್ಲೂ ವೇಗ ಒಂದೇ, ಮಾಡಬೇಕಾದ ಕೆಲಸವೂ ಒಂದೇ. ಆದರೆ ನಾಲ್ಕರಲ್ಲಿ ಎಂಜಿನ್ ಒಳಗಿನ ಉಜ್ಜಾಟ ಎಷ್ಟೋ ಜಾಸ್ತಿ. ಕಿವಿಗೆ ಚೆನ್ನಾಗಿ ಕೇಳಿಸುತ್ತದೆ ನಿಜ, ಆ ಸದ್ದು ನನಗೂ ಇಷ್ಟ. ಅದನ್ನು ಖಾಲಿ ಬೆಟ್ಟದ ತಿರುವುಗಳಿಗೆ ಇಟ್ಟುಕೊಂಡಿದ್ದೇನೆ.

ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ಟಿನ ಕಥೆ ಇಲ್ಲಿ ಹೇಳಲೇಬೇಕು. 1989ರಿಂದ ಅದರ ಆರು ಗೇರಿನ ಮ್ಯಾನ್ಯುಯಲ್ ಕಾರುಗಳಲ್ಲಿ ನಿಧಾನವಾಗಿ ಹೊರಟರೆ ಒಂದರಿಂದ ಎರಡಕ್ಕೆ ಹಾಕಲು ಬಿಡುತ್ತಿರಲಿಲ್ಲ. ಲಿವರ್ ನೇರ ನಾಲ್ಕಕ್ಕೆ ಹೋಗುತ್ತಿತ್ತು. ಮೈಲೇಜ್ ಪರೀಕ್ಷೆಗಾಗಿಯೇ ಮಾಡಿದ ಏರ್ಪಾಡು. ಓಡಿಸುವವರಿಗೆ ಕಿರಿಕಿರಿ ಅನ್ನಿಸಿದರೂ ಅದರ ಹಿಂದಿನ ಲೆಕ್ಕ ಸರಿಯೇ. ಆದರೆ ಅತಿ ಮಾಡಬೇಡಿ. ಎಂಜಿನ್ ಗುರ್ ಅಂತ ನಡುಗಿದರೆ ಗೇರ್ ಇಳಿಸಿ.

ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಇರುವ ಕಾರಾದರೆ ಒಂದು ಮಾತು. ಅವುಗಳಲ್ಲಿ ಬಹಳಷ್ಟು, ಪೆಡಲ್ ಪೂರ್ತಿ ಒತ್ತಿದಾಗ ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೀರಾ ಬಿಸಿಯಾಗದಂತೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತವೆ. ಮೆಲ್ಲಗೆ ಓಡಿಸಿದಾಗ ಮತ್ತು ಜೋರಾಗಿ ಓಡಿಸಿದಾಗ ಸಿಗುವ ಮೈಲೇಜ್ ನಡುವಿನ ಅಂತರ ಅವುಗಳಲ್ಲಿ ದೊಡ್ಡದು.

ಗಾಳಿ

ಹೆದ್ದಾರಿಯಲ್ಲಿ ಗಾಳಿಯೇ ದೊಡ್ಡ ಎದುರಾಳಿ. ಗಾಳಿಯ ಎಳೆತ ವೇಗದ ವರ್ಗದಂತೆ ಏರುತ್ತದೆ. 100ರಿಂದ 120ಕ್ಕೆ ಹೋದರೆ ವೇಗ 20 ಶೇಕಡಾ ಹೆಚ್ಚು, ಎಳೆತ 44 ಶೇಕಡಾ ಹೆಚ್ಚು. ನನ್ನ ಪುಸ್ತಕದಲ್ಲಿ 90ರ ಓಟಕ್ಕೆ ಲೀಟರಿಗೆ 16, 100ಕ್ಕೆ 15, 120ಕ್ಕೆ 12.5 ಇದೆ. 300 ಕಿಲೋಮೀಟರಿನ ಪ್ರಯಾಣದಲ್ಲಿ 120ರ ಬದಲು 100ರಲ್ಲಿ ಹೋದರೆ ಅರ್ಧ ಗಂಟೆ ತಡ, ನಾಲ್ಕು ಲೀಟರ್ ಉಳಿತಾಯ. ಯಾವುದು ಬೇಕು ಅನ್ನುವುದು ಆ ದಿನದ ಮನಸ್ಸು.

ಹಿಂದೆ ದೊಡ್ಡ ವಿಂಗ್ ಹಾಕುವವರಿಗೆ ಒಂದು ವಿನಂತಿ. ರೇಸ್ ಟ್ರ್ಯಾಕಿಗೆ ಹೋಗದಿದ್ದರೆ ಸುಮ್ನೆ ಹಾಕಬೇಡಿ. ಚಕ್ರವನ್ನು ರಸ್ತೆಗೆ ಒತ್ತುವ ಶಕ್ತಿ ಬಿಟ್ಟಿ ಬರುವುದಿಲ್ಲ, ಜೊತೆಗೆ ಎಳೆತ ಬರುತ್ತದೆ. ನಾನು ಹಾಕಿ ಆರು ತಿಂಗಳು ಓಡಿಸಿ ತೆಗೆದೆ. ಹೆದ್ದಾರಿಯಲ್ಲಿ ಲೀಟರಿಗೆ ಮುಕ್ಕಾಲು ಕಿಲೋಮೀಟರ್ ವಾಪಸ್ ಸಿಕ್ಕಿತು. ಮೇಲ್ಛಾವಣಿ ತೆಗೆಯುವ ಕಾರಿನಲ್ಲೂ ಹೀಗೆಯೇ. ಛಾವಣಿ ತೆರೆದು ಊರೊಳಗೆ ಓಡಾಡಿದರೆ ಚಿಂತೆಯಿಲ್ಲ, ಹೆದ್ದಾರಿಯಲ್ಲಿ ಮುಚ್ಚಿದರೆ ಒಳ್ಳೆಯದು. ಎಸಿ ಹಾಕಲೋ ಕಿಟಕಿ ತೆರೆಯಲೋ ಅಂತ ಕೇಳುತ್ತಾರಲ್ವಾ? ನಿಧಾನದಲ್ಲಿ ಕಿಟಕಿ, ಜೋರಿನಲ್ಲಿ ಎಸಿ.

ಟೈರು, ಬ್ರೇಕು, ಪೆಟ್ರೋಲ್

ಈ ಕಾರಿಗೆ ಕಂಪನಿಯಿಂದ ಬಂದ ಟೈರು ಮಿಶೆಲಿನ್ ಪ್ರೈಮಸಿ ಎಚ್‌ಪಿ. ಹೈಬ್ರಿಡ್ ಕಾರು ಪ್ರಿಯಸ್‌ನ ಕೆಲವು ಮಾದರಿಗಳಿಗೂ ಇದನ್ನೇ ಹಾಕುತ್ತಿದ್ದರು. ಹಿಡಿತ ಕಡಿಮೆ, ಕಾರು ಸುಲಭವಾಗಿ ಜಾರಿ ಆಟ ಆಡಲಿ ಅನ್ನುವುದು ಉದ್ದೇಶ. ಅದರ ಬದಲು ಅಂಟು ಜಾಸ್ತಿ ಇರುವ ಟ್ರ್ಯಾಕ್ ಟೈರ್ ಹಾಕಿದಾಗ ನನಗೆ ಲೀಟರಿಗೆ ಸುಮಾರು ಒಂದು ಕಿಲೋಮೀಟರ್ ಹೋಯಿತು.

ಗಾಳಿ ತಿಂಗಳಿಗೊಮ್ಮೆ ನೋಡಿ, ಟೈರ್ ತಣ್ಣಗಿರುವಾಗ. ನನ್ನ ಕಾರಿಗೆ 35 ಪಿಎಸ್‌ಐ. ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು 0.2 ಶೇಕಡಾ ಬೀಳುತ್ತದೆ ಅನ್ನುತ್ತದೆ ಅಮೆರಿಕ ಸರ್ಕಾರದ ಲೆಕ್ಕ. ಸಣ್ಣದೇ, ಆದರೆ ಕಡಿಮೆ ಗಾಳಿಯಲ್ಲಿ ಹಿಡಿತವೂ ಹಾಳು, ಟೈರಿನ ಅಂಚೂ ಸವೆಯುತ್ತದೆ.

ಒಂದು ಸಲ ಯಾವ ಕಾರಣವೂ ಕಾಣದೆ 11.4 ಇದ್ದದ್ದು 9.9ಕ್ಕೆ ಇಳಿಯಿತು. ಎರಡು ಟ್ಯಾಂಕ್ ಹಾಗೇ ಬಂತು. ಹೆಚ್ಚು ಬ್ರೇಕ್ ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ, ಇಳಿದು, ಪ್ರತಿ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಹಿಂದಿನ ಎಡ ಚಕ್ರ ಮಾತ್ರ ಕಾದು ಕೆಂಡ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ ಜಾರದೆ ಹಿಡಿದುಕೊಂಡು ಪ್ಯಾಡ್ ಉಜ್ಜುತ್ತಲೇ ಇತ್ತು. ಮೂರು ತಿಂಗಳ ಹಿಂದೆ ಪ್ಯಾಡ್ ಬದಲಿಸಿದ ಗ್ಯಾರೇಜಿನವರು ಪಿನ್ನಿಗೆ ಗ್ರೀಸ್ ಹಚ್ಚಿರಲಿಲ್ಲ. ನೀವೂ ಹೀಗೆ ನೋಡಬಹುದು. ಡಿಸ್ಕ್ ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ಆಕ್ಟೇನ್ (ಪೆಟ್ರೋಲ್ ನಾಕಿಂಗ್ ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ಇರುವುದನ್ನು ಹಾಕಿ. ನನ್ನ ಎಂಜಿನ್ನಿನ ಕಂಪ್ರೆಶನ್, ಅಂದರೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, 12.5:1. ಕಡಿಮೆ ಆಕ್ಟೇನ್ ಹಾಕಿದರೆ ನಾಕಿಂಗ್ (ಪೆಟ್ರೋಲ್ ತಪ್ಪು ರೀತಿಯಲ್ಲಿ ತಾನಾಗಿ ಹೊತ್ತಿ ಎಂಜಿನ್ ಬಡಿದುಕೊಳ್ಳುವುದು) ತಪ್ಪಿಸಲು ಕಂಪ್ಯೂಟರ್ ಕಿಡಿ ಹಾರುವ ಸಮಯವನ್ನು ತಡ ಮಾಡುತ್ತದೆ. ಶಕ್ತಿಯೂ ಮೈಲೇಜೂ ಎರಡೂ ಇಳಿಯುತ್ತವೆ. ಸಾಮಾನ್ಯ ಪೆಟ್ರೋಲಿಗೆ ಮಾಡಿದ ಎಂಜಿನ್ನಿಗೆ ಮಾತ್ರ ಜಾಸ್ತಿ ಆಕ್ಟೇನಿನಿಂದ ಏನೂ ಸಿಗುವುದಿಲ್ಲ. ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಶಕ್ತಿ ಕಡಿಮೆ. 10 ಶೇಕಡಾ ಬೆರೆಸಿದ್ದರೆ ಮೈಲೇಜ್ ಸುಮಾರು 3 ಶೇಕಡಾ ಇಳಿಯುತ್ತದೆ. ಅದು ನಿಮ್ಮ ಕಾರಿನ ತಪ್ಪಲ್ಲ.

ಹತ್ತಿರದ ಓಡಾಟ

ಮೂರು ಕಿಲೋಮೀಟರ್ ಹೋಗಿ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಮೂರು ಕಿಲೋಮೀಟರ್. ಇಂಥ ಟ್ಯಾಂಕುಗಳಲ್ಲಿ ನನಗೆ 7 ಬಂದಿದೆ. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಆಯಿಲ್ ಗಟ್ಟಿಯಾಗಿರುತ್ತದೆ. ಕೆಲಸಗಳನ್ನು ಒಟ್ಟುಗೂಡಿಸಿ ಒಂದೇ ಸುತ್ತಿನಲ್ಲಿ ಮುಗಿಸಿ. ನಿಂತಲ್ಲೇ ಬಿಸಿ ಮಾಡಬೇಡಿ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷದಲ್ಲಿ ಹೊರಟು, ಬಿಸಿಯಾಗುವ ತನಕ ಮೆಲ್ಲಗೆ ಓಡಿಸಿ.

ಟ್ರ್ಯಾಕ್ ದಿನ

ಟ್ರ್ಯಾಕಿನಲ್ಲಿ ನನಗೆ ಸಿಗುವುದು 3.8. ಇಪ್ಪತ್ತು ನಿಮಿಷದ ಒಂದು ಸರದಿಯಲ್ಲಿ ಸುಮಾರು 30 ಕಿಲೋಮೀಟರ್, ಎಂಟು ಲೀಟರ್. ಟ್ಯಾಂಕು 50 ಲೀಟರಿನದು. ಹಾಗಾಗಿ ದಿನಕ್ಕೆ ಐದು ಸರದಿ ಇದ್ದರೆ ನಡುವೆ ಒಂದು ಸಲ ತುಂಬಿಸಲೇಬೇಕು. ಯಾಕೆಂದರೆ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದ್ದರೆ ಉದ್ದ ತಿರುವುಗಳಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಎಂಜಿನ್ ಮುಗ್ಗರಿಸಬಹುದು. ವಾಪಸ್ ಮನೆಗೆ ಬರುವ ಪೆಟ್ರೋಲನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಟ್ರ್ಯಾಕಿಗೆ ಇಳಿಯುವ ಮುಂಚೆ ಒಮ್ಮೆ, ಮುಗಿಸಿ ಹೊರಡುವಾಗ ಒಮ್ಮೆ ಟ್ಯಾಂಕ್ ತುಂಬಿಸಿ, ಆ ಲೆಕ್ಕವನ್ನು ಬೇರೆ ಪುಟದಲ್ಲಿ ಬರೆಯಿರಿ. ರಸ್ತೆಯ ಸರಾಸರಿಯ ಜೊತೆ ಅದನ್ನು ಬೆರೆಸಬೇಡಿ.