52ಎಕ್ಸ್ ಎಂದು ಬರೆದಿದ್ದರೆ ಸಾಲದು: ಖಾಲಿ ಸಿಡಿ ಆರಿಸುವುದು, ವೇಗ ಹೊಂದಿಸುವುದು ಹೇಗೆ?

ಹಳೇ ಕಾರಿನ ಸ್ಟೀರಿಯೊಗೆ ಹಾಡು, ಕೋರ್ಟಿಗೆ ಕೊಡಬೇಕಾದ ವಿಡಿಯೊ, ಎಂಆರ್‌ಐ ಚಿತ್ರಗಳ ಪ್ರತಿ. ಪೆನ್‌ಡ್ರೈವ್ ಬಂದ ಮೇಲೂ ಸಿಡಿ ರೈಟ್ ಮಾಡುವ ಕೆಲಸ ತಪ್ಪಿಲ್ಲ. ಡಿಸ್ಕ್ ಮೇಲೆ 52ಎಕ್ಸ್ (ಬರೆಯುವ ಗರಿಷ್ಠ ವೇಗ) ಇದೆ, ರೈಟರ್ ಮೇಲೂ ಅದೇ ಇದೆ ಎಂದು ವೇಗವನ್ನು 'ಮ್ಯಾಕ್ಸ್'ನಲ್ಲೇ ಬಿಟ್ಟು ಬರ್ನ್ ಒತ್ತುವವರನ್ನು ದಿನವೂ ನೋಡುತ್ತೇನೆ. ಇನ್ನೇನು ಮುಗಿಯಿತು ಅನ್ನುವಾಗ ಎರರ್ ಬರುತ್ತದೆ. ಇಲ್ಲವೇ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡಿದ ಸಿಡಿ ಕಾರಿನಲ್ಲಿ ತಡವರಿಸುತ್ತದೆ.

ಮೊದಲ ಹಂತ, ಡಿಸ್ಕ್ ಕೊಳ್ಳುವುದು. ಒಂದೇ ಸಲ ಬರೆಯಬಹುದಾದ 700 ಎಂಬಿಯ ಸಿಡಿ-ಆರ್ ತನ್ನಿ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಬೇಡ. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳು ಓದಲು ತಿಣುಕುತ್ತವೆ.

ಎರಡನೇ ಹಂತ, ಡಿಸ್ಕಿನ ಗುರುತು ಓದುವುದು. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಪ್ಯಾಕಿನ ಮೇಲಿನ ಬ್ರಾಂಡ್ ಒಬ್ಬರದು, ಡಿಸ್ಕ್ ತಯಾರಿಸಿದ ಕಾರ್ಖಾನೆ ಇನ್ನೊಬ್ಬರದು ಆಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ಅಸಲಿ ಗುರುತು ಇರುವುದು ಡಿಸ್ಕಿನ ಒಳ ಅಂಚಿನಲ್ಲಿ, ಅಲೆಯಲೆಯಾಗಿ ಕೊರೆದ ತೋಡಿನಲ್ಲಿ. ಅದಕ್ಕೆ ಎಟಿಐಪಿ ಎನ್ನುತ್ತಾರೆ. ತಯಾರಕರ ಸಂಕೇತ, ಲೇಸರ್ ಎಷ್ಟು ಪ್ರಖರವಾಗಿರಬೇಕೆಂಬ ಸೂಚನೆ ಅಲ್ಲಿರುತ್ತವೆ. ರೈಟರ್ ಆ ಸಂಕೇತವನ್ನು ತನ್ನ ಫರ್ಮ್‌ವೇರಿನ (ರೈಟರಿನೊಳಗೇ ಇರುವ ತಂತ್ರಾಂಶದ) ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಆ ಡಿಸ್ಕಿನ ಬಣ್ಣದ ಪದರಕ್ಕೆ ಹೊಂದುವಂತೆ ಲೇಸರನ್ನು ಮಿಡಿಸುತ್ತದೆ. ಸಿಗದಿದ್ದರೆ ಎಲ್ಲಕ್ಕೂ ಸಲ್ಲುವ ಒಂದು ಅಂದಾಜಿನಲ್ಲಿ ಬರೆಯುತ್ತದೆ, ಎಷ್ಟೋ ಸಲ ವೇಗವನ್ನೂ ಇಳಿಸುತ್ತದೆ. 52ಎಕ್ಸ್ ಡಿಸ್ಕ್ ಹಾಕಿದರೂ ವೇಗಗಳ ಪಟ್ಟಿಯಲ್ಲಿ 24ಎಕ್ಸ್ ಮಾತ್ರ ಕಾಣುವುದಕ್ಕೆ ಇದೊಂದು ಕಾರಣ. ಇನ್ನೊಂದು, ಲ್ಯಾಪ್‌ಟಾಪಿನ ತೆಳು ರೈಟರುಗಳ ಮಿತಿಯೇ ಸಾಮಾನ್ಯವಾಗಿ 24ಎಕ್ಸ್.

ನೋಡುವುದು ಸುಲಭ. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶ ತೆರೆದು ಖಾಲಿ ಡಿಸ್ಕ್ ಹಾಕಿ. ಬಲಗಡೆ ತಯಾರಕರ ಸಂಕೇತವೂ, ಆ ಡಿಸ್ಕಿಗೆ ನಿಮ್ಮ ರೈಟರ್ ಒಪ್ಪುವ ವೇಗಗಳೂ ಬರುತ್ತವೆ. ಸಂಕೇತ 97ಎಂ17ಎಸ್ (97m17s) ಎಂದು ಶುರುವಾದರೆ ಅದು ಭಾರತದ ಡಿಸ್ಕ್ ತಯಾರಕ ಮೋಸರ್ ಬೇರ್. ಆ ಕಂಪನಿ 2018ರಲ್ಲೇ ದಿವಾಳಿಯಾಗಿದೆ, ಹಾಗಾಗಿ ಹಳೇ ದಾಸ್ತಾನು ಇರಬಹುದು, ಪರೀಕ್ಷಿಸದೆ ನಂಬಬೇಡಿ. ಡಿಸ್ಕಿನ ಅಡಿಯ ಬಣ್ಣವನ್ನೂ ಗಮನಿಸಿ, ಬಣ್ಣದ ಪದರಕ್ಕೆ ಬಳಸಿದ ರಾಸಾಯನಿಕ ಯಾವುದೆಂದು ಅದರಿಂದ ತಿಳಿಯುತ್ತದೆ. ಕಡುನೀಲಿ ಇದ್ದರೆ ಏಜೋ, ನೀಲಿ-ಹಸಿರು ಇದ್ದರೆ ಸಯನೈನ್, ಹೆಚ್ಚುಕಮ್ಮಿ ಬಣ್ಣವೇ ಇಲ್ಲದಂತೆ ತಿಳಿಯಾಗಿದ್ದರೆ ಥಾಲೋಸಯನೈನ್. ನನ್ನ ಆಯ್ಕೆ ಏಜೋ. ಕೈಗೆ ಹಗುರಾಗಿ, ಬೆಳಕಿಗೆ ಹಿಡಿದರೆ ಆಚೆ ಬದಿ ಸ್ಪಷ್ಟವಾಗಿ ಕಾಣುವ ಹೆಸರಿಲ್ಲದ ಅಗ್ಗದ ಡಿಸ್ಕ್ ಪುಕ್ಕಟೆ ಕೊಟ್ಟರೂ ಬೇಡ.

ಮೂರನೇ ಹಂತ, ವೇಗ. 1ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ. ಆ ಲೆಕ್ಕದಲ್ಲಿ 80 ನಿಮಿಷದ (ಅಂದರೆ 700 ಎಂಬಿಯ) ಡಿಸ್ಕ್ ತುಂಬಲು 16ಎಕ್ಸ್‌ನಲ್ಲಿ 5 ನಿಮಿಷ, 24ಎಕ್ಸ್‌ನಲ್ಲಿ 3 ನಿಮಿಷ 20 ಸೆಕೆಂಡ್, ಜೊತೆಗೆ ಆರಂಭ-ಮುಕ್ತಾಯದ ಸ್ವಲ್ಪ ಹೊತ್ತು. 52ಎಕ್ಸ್ ಬರುವುದು ಹೊರ ಅಂಚಿನಲ್ಲಿ ಮಾತ್ರ, ಒಳಗಿನಿಂದ ಶುರುವಾಗುವಾಗ ಅದು ಸುಮಾರು 22ಎಕ್ಸ್. ಅಂದರೆ ಗರಿಷ್ಠ ವೇಗದಿಂದ ಉಳಿಯುವುದು ಒಂದರಿಂದ ಮೂರು ನಿಮಿಷ. ಅದಕ್ಕಾಗಿ ಡಿಸ್ಕನ್ನು ನಿಮಿಷಕ್ಕೆ 10,000ಕ್ಕೂ ಹೆಚ್ಚು ಸುತ್ತು ತಿರುಗಿಸಬೇಕು. ತೂಕ ಸಮನಾಗಿರದ ಡಿಸ್ಕ್ ಅಷ್ಟರಲ್ಲಿ ನಡುಗುತ್ತದೆ, ದೋಷಗಳು ಹೆಚ್ಚುತ್ತವೆ. ಹಾಡಿಗೆ 16ಎಕ್ಸ್, ಫೈಲುಗಳಿಗೆ 24ಎಕ್ಸ್ ಇಡಿ. ನಿಧಾನವಾದಷ್ಟೂ ಒಳ್ಳೆಯದು ಎಂದು 4ಎಕ್ಸ್‌ಗೆ ಇಳಿಸುವವರೂ ಇದ್ದಾರೆ, ಅದೂ ತಪ್ಪು. ಈಗಿನ ಡಿಸ್ಕಿನ ಪದರವನ್ನು ಹೆಚ್ಚಿನ ವೇಗದ ಬರವಣಿಗೆಗೆಂದೇ ರೂಪಿಸಿರುತ್ತಾರೆ.

ಕಾಗದದ ಸ್ಟಿಕರ್ ಅಂಟಿಸಲೇಬೇಡಿ, ತೂಕದ ಸಮತೋಲ ಕೆಡುತ್ತದೆ. ಹೆಸರು ಬರೆಯಲು ಬಾಲ್‌ಪೆನ್ನೂ ಬೇಡ, ಮೃದು ತುದಿಯ ಸಿಡಿ ಮಾರ್ಕರ್ ಬಳಸಿ. ದತ್ತಾಂಶದ ಪದರ ಇರುವುದು ಲೇಬಲ್ ಬದಿಯ ತೆಳು ಲೇಪನದ ಕೆಳಗೇ.

ನಾಲ್ಕನೇ ಹಂತ, ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವ 'ವೆರಿಫೈ'ಗೆ ಟಿಕ್ ಹಾಕಿ ಬರ್ನ್ ಒತ್ತಿ.

ಆಮೇಲೆ ಯಾವ ಪ್ಲೇಯರಿನಲ್ಲಿ ಓಡಬೇಕೋ ಅದರಲ್ಲೇ ಕೊನೆಯ ಹಾಡು ಹಾಕಿ ಕೇಳಿ, ಹೊರ ಅಂಚಿನ ದೋಷ ಅಲ್ಲೇ ಗೊತ್ತಾಗುವುದು. 50 ಡಿಸ್ಕುಗಳ ಸ್ಪಿಂಡಲ್ (ಕಡ್ಡಿಗೆ ಪೋಣಿಸಿದ ಕಟ್ಟು) ಕೊಳ್ಳುವ ಮೊದಲು ಬಿಡಿ ಡಿಸ್ಕಿನಲ್ಲಿ ಹೀಗೆ ಪರೀಕ್ಷಿಸಿ. ಕೋರ್ಟಿನ ಕೆಲಸಕ್ಕಾದರೆ ಬೇರೆ ಬೇರೆ ತಯಾರಕರ ಸಂಕೇತವಿರುವ ಎರಡು ಡಿಸ್ಕುಗಳಲ್ಲಿ ಒಂದೊಂದು ಪ್ರತಿ ಮಾಡಿಡಿ.